ಮೂಲೆಯಲ್ಲಿ ಕೂಡದ ಸಾಲು

ಮನೆಯಿಂದ, ಮಾರ್ಚ್ ೧೪, ಗುರುವಾರ
(ಹೊಲಿಗೆ ಮಷಿನ್ನಿನ ಮೇಲೆ ಕಾಗದ ಇಟ್ಟುಕೊಂಡು)

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕಣ್ಣಿನ ಪಟ್ಟಿ ಕಿವಿಯ ಹಿಂದೆ ಉಜ್ಜುತ್ತಿದೆಯೋ ಏನೋ ಎಂಬುದೇ ನನಗೆ ಚಿಂತೆ. ಉಜ್ಜಿದರೆ ಬಾಯಿಬಿಟ್ಟು ಹೇಳು. ಚಿಕ್ಕವನಿದ್ದಾಗ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿದುಹೋಗಿದ್ದರೂ ಹೇಳದೆ ಕುಂಟಿಕೊಂಡು ಶಾಲೆಗೆ ಹೋಗಿ ಬಂದವನು ನೀನು. ಕೇಳಿದರೆ ದಾರಿಯೇ ಓರೆಯಾಗಿತ್ತು ಎಂದೆ. ಈಗ ಆ ಜಾಣತನ ಬೇಡ. ಬಗ್ಗಬೇಡ, ಭಾರ ಎತ್ತಬೇಡ, ತುರಿಸಿದರೆ ಎರಡೂ ಕೈಗಳನ್ನು ಪೃಷ್ಠದ ಕೆಳಗೆ ಹಾಕಿಕೊಂಡು ಕೂತುಕೋ. ಊಟ ಸೇರುತ್ತಿದೆಯೆ? ಉಪ್ಪು ಕಡಿಮೆ ಎಂದು ತಟ್ಟೆ ದೂಡಬೇಡ. ದಿಂಬು ಎತ್ತರವಾಗಿದ್ದರೆ ಬದಲಿಸಿ ಕೊಡಲು ಕೇಳು. ಫೋನಿನಲ್ಲಿ ಇದನ್ನೆಲ್ಲ ಕೇಳಿದರೆ ಎರಡು ಸಲ ಹ್ಞೂಂ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ನರ್ಸಮ್ಮನ ಕೈಯಲ್ಲಿರುತ್ತದೆ, ಮಧ್ಯದಲ್ಲಿ ಇಟ್ಟುಬಿಡುವುದು ನಿನ್ನ ಕೈಯಲ್ಲಿಲ್ಲ.

ಓದುತ್ತಿರುವ ನರ್ಸಮ್ಮಾ, ನಿಮಗೆ ನಮಸ್ಕಾರ. ನನ್ನ ಅಕ್ಷರ ಹೊಲಿಗೆ ಬಿಚ್ಚಿಹೋದ ಹಾಗೆ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಬೈಗುಳ ಬಂದ ಕಡೆ ಸ್ವಲ್ಪ ಜೋರಾಗಿ ಓದಿ, ಹೊಗಳಿಕೆ ಬಂದ ಕಡೆ ಮೆಲ್ಲಗೆ ಓದಿ. ಹೊಗಳಿಕೆ ಕೇಳಿದರೆ ಇವನಿಗೆ ಮೈಯೆಲ್ಲ ಇರುವೆ ಹರಿದಂತಾಗುತ್ತದೆ. ಇವನು ಗೋಡೆಯ ಕಡೆ ತಿರುಗಿ ಮಲಗಿದರೂ ನಿಲ್ಲಿಸಬೇಡಿ. ಕಿವಿಗೆ ಪಟ್ಟಿ ಕಟ್ಟಿಲ್ಲವಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಗೆ ಹೊರಡುವ ದಿನ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ನೀನು ಹೇಳಿದ ಮಾತು ನೆನಪಿದೆಯೆ? "ಅಕ್ಕಾ, ಫೈರ್ ಸ್ಟೇಷನ್ ಮಾಡೆಲ್ಲನ್ನ ಹಾಗೇ ಮ್ಯೂಸಿಯಂಗೆ ಕೊಟ್ಬಿಡು. ಬ್ರಷ್‌ಗಳನ್ನ ಯಾರಾದ್ರೂ ಕೇಳಿದ್ರೆ ಕೊಟ್ಬಿಡು. ನಂದಾಯ್ತು." ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕು ಎನ್ನುವಷ್ಟು ಸಲೀಸಾಗಿ ಹೇಳಿದೆ. ನಾನೂ ಆಯಿತಪ್ಪಾ ಎಂದೆ. ಡಾಕ್ಟರು ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆನಲ್ಲ: ಒಂದು ಕಣ್ಣು ಬರುವುದಿಲ್ಲ, ಇನ್ನೊಂದು ಬರುತ್ತದೆ, ಓಡಾಟಕ್ಕೆ ಊಟಕ್ಕೆ ತೊಂದರೆಯಿಲ್ಲ, ಆದರೆ ಸೂಕ್ಷ್ಮ ಕೆಲಸ ಮರೆತುಬಿಡಿ ಎಂದು. ಅಕ್ಕಿಕಾಳಿನಷ್ಟು ಇಟ್ಟಿಗೆಗಳನ್ನು ಗೀಚಿ, ಬಣ್ಣ ಹಾಕಿ, ರಟ್ಟಿನ ಪೆಟ್ಟಿಗೆಯನ್ನು ಕಟ್ಟಡವೆಂದು ನಂಬಿಸುವುದೇ ಬದುಕಾದವನಿಗೆ ಅದನ್ನು ಹೇಳುವಾಗ ಅವರ ದನಿ ತಗ್ಗಿದ್ದನ್ನು ನಾನು ಗಮನಿಸಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಜನ ಇದ್ದರು, ಇಲ್ಲದಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದೆವು.

ನಾನು ನಿನ್ನ ಮಾತು ನಡೆಸಲಿಲ್ಲ ತಮ್ಮಾ. ನಡೆಸಬೇಕೆಂದೇ ಇದ್ದೆ. ಮ್ಯೂಸಿಯಮ್ಮಿನ ಮೇಡಂ ಬಾಗಿಲಿಗೆ ಬಂದಾಗ ಮಾಡೆಲ್ಲನ್ನು ಎತ್ತಿಕೊಡಲು ನಿನ್ನ ಕೋಣೆಗೆ ಹೋದೆ. ಮೇಜಿನ ಮೇಲೆ ಅದು ಬಟ್ಟೆ ಹೊದ್ದು ಕೂತಿತ್ತು. ಬಟ್ಟೆ ತೆಗೆದರೆ ಮುಂದಿನ ಗೋಡೆ ಮಾತ್ರ ಫೈರ್ ಸ್ಟೇಷನ್, ಉಳಿದ ಮೂರು ಕಡೆ ಬರೀ ರಟ್ಟು, ಗೋಪುರವೂ ರಟ್ಟು. ಮುಂದಿನಿಂದ ನೋಡಿದರೆ ಗತ್ತು, ಹಿಂದಿನಿಂದ ನೋಡಿದರೆ ಬೂಟಿನ ಡಬ್ಬಿ. ಹಬ್ಬಕ್ಕೆ ಅಂಗಿಯ ಮುಂಭಾಗವನ್ನಷ್ಟೇ ಹೊಲಿದುಕೊಟ್ಟು ಬೆನ್ನು ಮುಚ್ಚಿಕೊಳ್ಳಿ ಎಂದು ಗಿರಾಕಿಗೆ ಹೇಳಿದಂತಾಗುತ್ತದೆ ಎನಿಸಿತು. ನಲವತ್ತು ವರ್ಷ ಟೇಲರ್ ಕೆಲಸ ಮಾಡಿದವಳು ನಾನು, ಬೆನ್ನಿಲ್ಲದ ಅಂಗಿಯನ್ನು ಈ ಮನೆಯಿಂದ ಆಚೆ ಹೋಗಲು ಬಿಡುವುದು ಹೇಗೆ? ಮೇಡಂ ಮುಂದೆ ಹೋಗಿ ನಿಂತೆ, ಬಾಯಿ ತಾನಾಗಿಯೇ, "ಕೆಲಸ ನಡೀತಾ ಇದೆ ಮೇಡಂ, ಸ್ವಲ್ಪ ತಡ ಆಗತ್ತೆ" ಎಂದಿತು. ಅವರು ಸಂತೋಷದಿಂದ ಹೋದರು. ನಾನು ಬಾಗಿಲು ಹಾಕಿಕೊಂಡು ನಿನ್ನ ಕುರ್ಚಿಯಲ್ಲಿ ಕೂತು, ಅಯ್ಯೋ ಮುದುಕಿ, ಇದೇನು ಮೈಮೇಲೆ ಹಾಕಿಕೊಂಡೆ ಎಂದು ನನ್ನನ್ನೇ ಬೈದುಕೊಂಡೆ.

ಮೊದಲ ಯಡವಟ್ಟು ಕೇಳು. ಹಿಂದಿನ ಗೋಡೆಯ ರಟ್ಟು ತೇವಕ್ಕೆ ಸೊಟ್ಟಗಾಗಿತ್ತು, ನಿನ್ನ ನಕ್ಷೆ ನೋಡಿ ಹೊಸದನ್ನು ಕತ್ತರಿಸಿದೆ. ಅಳತೆ ತೆಗೆದೆ, ಗೆರೆ ಎಳೆದೆ, ಕತ್ತರಿ ಹಾಕಿದೆ, ಎಲ್ಲ ಚೊಕ್ಕ. ಅಂಟಿಸಿ ನಿಲ್ಲಿಸಿದರೆ ಸ್ಟೇಷನ್ನಿನ ಹಿಂಭಾಗ ಅಗಲವಾಗಿ, ತಿಂದು ಕೂತ ಹೆಂಗಸಿನ ಹಾಗೆ ಕಾಣುತ್ತಿದೆ. ನೀನು ಮೊದಲೇ ಮಾಡಿಟ್ಟಿದ್ದ ಛಾವಣಿ ಕೂರುವುದೇ ಇಲ್ಲ. ಆಗಲೇ ಗಂಟೆಮಾಮ ಬಂದರು. (ನರ್ಸಮ್ಮಾ, ಗಂಟೆಮಾಮ ಎಂದರೆ ನಮ್ಮ ಎದುರುಮನೆಯ ಹಿರಿಯರು. ಆ ಫೈರ್ ಸ್ಟೇಷನ್ನನ್ನು ಕೆಡವುವ ತನಕ ಅಲ್ಲಿ ಗಂಟೆ ಹೊಡೆಯುತ್ತಿದ್ದವರು. ಈಗ ಗಂಟೆ ಇಲ್ಲ, ಸದ್ದು ಮಾತ್ರ ಉಳಿದಿದೆ.) ಮಾಮ ಸುತ್ತ ಬಂದು ನೋಡಿ, "ಏನಮ್ಮಾ, ನಮ್ ಸ್ಟೇಷನ್ನು ಮದ್ವೆ ಆದ್ಮೇಲೆ ದಪ್ಪ ಆದಂಗಿದೆಯಲ್ಲ!" ಎಂದರು. ಆಮೇಲೆ ನನಗೆ ಹೊಳೆಯಿತು. ಕೈ ಅಭ್ಯಾಸ ನೋಡು, ಎರಡೂ ಬದಿಗೆ ಹೊಲಿಗೆಗೆಂದು ಅರ್ಧ ಬೆರಳು ಮಾರ್ಜಿನ್ ಬಿಟ್ಟು ಕತ್ತರಿಸಿದ್ದೆ! ಇಟ್ಟಿಗೆ ಗೋಡೆಗೆ ಮಾರ್ಜಿನ್ ಬಿಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಬೇಕಾದರೆ ನಗು, ಆದರೆ ಮೆಲ್ಲಗೆ ನಗು, ಕಣ್ಣು ಅದುರಬಾರದು.

ಗೋಡೆಯನ್ನು ಮತ್ತೆ ಕತ್ತರಿಸಿ ಪುಟ್ಟಿ ಬಳಿದೆ. ಪುಟ್ಟಿ ಎಷ್ಟು ಒಣಗಿದಾಗ ಇಟ್ಟಿಗೆಯ ಗೆರೆ ಎಳೆಯಬೇಕೆಂದು ನೀನು ಯಾರಿಗೋ ಹೇಳಿಕೊಡುತ್ತಿದ್ದುದು ನನಗೆ ನೆನಪಿತ್ತು: "ಮುಟ್ಟಿದ್ರೆ ಕಿವಿ ತುದಿ ಮುಟ್ಟಿದಂಗಿರ್ಬೇಕು. ಮೂಗಿನ ತುದಿ ಥರ ಆದ್ರೆ ತಡ ಆಯ್ತು." ಹಾಗಾಗಿ ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ನನ್ನ ಕಿವಿ ಹಿಡಿದು ಕೂತಿದ್ದೆ, ನೋಡಿದವರು ಯಾರೋ ಟೀಚರು ಶಿಕ್ಷೆ ಕೊಟ್ಟಿದ್ದಾರೆ ಎಂದುಕೊಳ್ಳಬೇಕು. ಬೇಗ ಆಗಲಿ ಎಂದು ಬಟ್ಟೆಗೆ ಗುರುತು ಹಾಕುವ ಹಲ್ಲುಚಕ್ರವನ್ನು ಉರುಳಿಸಿದೆ. ಇಟ್ಟಿಗೆ ಗೋಡೆ ಹೋಗಿ ಹೊಲಿಗೆ ಹಾಕಿದ ಗೋಣಿಚೀಲ ಆಯಿತು. ಅದನ್ನೂ ಕೆರೆದು ತೆಗೆದೆ. ಕೊನೆಗೆ ನಿನ್ನ ಮೊಂಡು ಸೂಜಿಯನ್ನೇ ಹಿಡಿದೆ. ಅಡ್ಡಗೆರೆಗಳಿಗೆ ಅಳತೆಪಟ್ಟಿ, ಉದ್ದಗೆರೆಗಳಿಗೆ ಬರಿಗೈ. ಕೆಳಗಿನ ಸಾಲಿನ ಸಂದಿನ ಮೇಲೆಯೇ ಮೇಲಿನ ಸಾಲಿನ ಸಂದು ಬೀಳಬಾರದು, ಗೊತ್ತು. ಮೂಲೆ ಮಾತ್ರ ನನ್ನನ್ನು ಆಟ ಆಡಿಸುತ್ತದೆ ಎಂದುಕೊಂಡಿದ್ದೆ. ಈ ಗೋಡೆಯಲ್ಲಿ ಉದ್ದಕ್ಕೆ ಮಲಗಿದ ಇಟ್ಟಿಗೆ ಮೂಲೆ ತಿರುಗಿದ ಮೇಲೆ ಆ ಗೋಡೆಯಲ್ಲಿ ತಲೆ ಮಾತ್ರ ತೋರಿಸಬೇಕು, ಅದೇ ಸಾಲು ಅದೇ ಎತ್ತರದಲ್ಲಿ ಮುಂದುವರಿಯಬೇಕು. ಆದರೆ ತಮ್ಮಾ, ಇದು ಚೌಕುಳಿ ಬಟ್ಟೆಯ ಅಂಗಿಗೆ ಪಕ್ಕದ ಹೊಲಿಗೆ ಹಾಕುವ ಕೆಲಸವೇ ಅಲ್ಲವೆ! ಮುಂದಿನ ಗೆರೆ ಹಿಂದಿನ ಗೆರೆಗೆ ಕೂಡದಿದ್ದರೆ ನಾನು ಎಂದಾದರೂ ಅಂಗಿಯನ್ನು ಗಿರಾಕಿಗೆ ಕೊಟ್ಟಿದ್ದೇನೆಯೆ? ಅಂದಿನ ಮಧ್ಯಾಹ್ನ ಮೊದಲ ಮೂಲೆ ಕೂಡಿತು. ಎದ್ದು ನಿಂತು ಸೆರಗಿನಿಂದ ಮುಖ ಒರೆಸಿಕೊಂಡು, ನೋಡಲು ಯಾರೂ ಇಲ್ಲದ್ದರಿಂದ ಗೋಡೆಗೇ "ಭೇಷ್" ಎಂದೆ.

ಆ ಭೇಷ್ ಬಣ್ಣ ಹಾಕುವ ತನಕ ಮಾತ್ರ. ಬಾಗಿಲಿಗೆ ಒತ್ತಾಗಿ ಇಡುತ್ತೇವಲ್ಲ, ಸ್ಟೇಷನ್ ಕೆಡವಿದ ದಿನ ನೀನು ಎದೆಗವಚಿ ತಂದ ಇಟ್ಟಿಗೆ, ಅದರ ಒಂದು ಮೂಲೆಯನ್ನು ಉಜ್ಜಿ ಪುಡಿ ಮಾಡಿದೆ. ಕೂಗಾಡಬೇಡ, ಕೆಳಗಿನ ಮೂಲೆ, ಕಾಣುವುದಿಲ್ಲ. ಆ ಗೋಡೆಯ ಬಣ್ಣ ಬೇಕೆಂದರೆ ಆ ಗೋಡೆಯದೇ ಪುಡಿಗಿಂತ ಸಾಚಾ ಯಾವುದು ಎಂದುಕೊಂಡೆ. ಬಳಿದು ಒಣಗಿದ ಮೇಲೆ ನೋಡಿದರೆ ಗೋಡೆ ಕಬ್ಬಿಣದ ತುಕ್ಕಿನಂತೆ ಕಪ್ಪಿಟ್ಟು ಕೂತಿತ್ತು. ಗಂಟೆಮಾಮ ಮೊದಲ ದಿನ ಸ್ಟೇಷನ್ನು ರಕ್ತದಂತೆ ಕೆಂಪಗಿತ್ತು ಎಂದಿದ್ದರು, ಮರುದಿನ ಸುಟ್ಟ ಬ್ರೆಡ್ಡಿನ ಬಣ್ಣ ಎಂದರು, ಅಂದು ಮಾತ್ರ ಖಡಾಖಂಡಿತವಾಗಿ, "ಇದಲ್ಲ. ಇದು ಬೆಂಕಿ ಬಿದ್ಮೇಲಿನ ಸ್ಟೇಷನ್ನು" ಎಂದರು. ಆಗ ನೀನು ಹಿಂದೊಮ್ಮೆ ಊಟದ ಮುಂದೆ ಕೂತು ಹೇಳಿದ್ದು ನೆನಪಾಯಿತು. ನಾನು ಅನ್ನ ಆರುತ್ತದೆ ತಿನ್ನು ಎಂದು ಗದರಿದ್ದೆ, ಅರ್ಧವೇ ಕೇಳಿಸಿಕೊಂಡಿದ್ದೆ: "ನಾವು ಗೋಡೆ ನೋಡೋದು ದೂರದಿಂದ ಅಕ್ಕ. ಮಧ್ಯದಲ್ಲಿ ಗಾಳಿ ಇರತ್ತೆ. ಸಣ್ಣದಾಗಿ ಮಾಡ್ವಾಗ ಆ ಗಾಳೀನೂ ಬಣ್ಣಕ್ಕೆ ಸೇರಿಸ್ಬೇಕು." ಅದಕ್ಕೇ ನೀನು ಕೆಂಪಿಗೆ ಅಷ್ಟೊಂದು ಬಿಳಿಯನ್ನೂ ಬೂದಿಬಣ್ಣವನ್ನೂ ಕಲಸುತ್ತಿದ್ದುದು! ನಾನು ಅದನ್ನು ಬಣ್ಣ ಉಳಿಸುವ ಜಿಪುಣತನ ಎಂದುಕೊಂಡಿದ್ದೆ. ನಿನ್ನ ಹಾಗೆಯೇ ಗಾಳಿ ಬೆರೆಸಿದೆ. ಬಣ್ಣ ಕೂತಿತು.

ಆದರೂ ಏನೋ ಸರಿಯಿರಲಿಲ್ಲ. ನಾನು ಒಂದೊಂದು ಇಟ್ಟಿಗೆಯನ್ನೂ ಪ್ರೀತಿಯಿಂದ ತಿದ್ದಿದ್ದೆ: ಇದಕ್ಕೆ ಸ್ವಲ್ಪ ಕಂದು, ಅದಕ್ಕೆ ಸ್ವಲ್ಪ ಹಳದಿ, ಇನ್ನೊಂದಕ್ಕೆ ನೇರಳೆಯ ಛಾಯೆ. ಹತ್ತಿರದಿಂದ ಒಂದೊಂದೂ ಮುತ್ತಿನ ಹಾಗಿತ್ತು. ಮುಂದಿನ ನಿನ್ನ ಗೋಡೆಯ ಪಕ್ಕ ಇಟ್ಟರೆ ನಿನ್ನದು ಗೋಡೆ, ನನ್ನದು ಮಾತ್ರ ಬೇರೇನೋ. ಏನೆಂದು ಹೇಳಲು ಬರುತ್ತಿಲ್ಲ. ನೀನು ಬಾಗಿಲಲ್ಲಿ ನಿಂತು ಕಣ್ಣು ಅರ್ಧ ಮುಚ್ಚಿಕೊಂಡು ನೋಡುತ್ತಿದ್ದೆಯಲ್ಲ, ನಾನೂ ಹಾಗೆ ನೋಡಿದೆ. ಕಂಡದ್ದು ನನ್ನ ರೆಪ್ಪೆಗೂದಲು ಮಾತ್ರ. ನನ್ನ ಕಣ್ಣು ಹಾಳಾದದ್ದು ಎಷ್ಟು ಚುರುಕೆಂದರೆ ಅರ್ಧ ಮುಚ್ಚಿದರೂ ಸಂದುಗಳನ್ನು ಎಣಿಸುತ್ತದೆ.

ಆ ದಿನ ಬಣ್ಣದ ಹನಿಯೊಂದು ಗಂಟೆಮಾಮನ ಕನ್ನಡಕಕ್ಕೆ ಸಿಡಿಯಿತು. ಇಷ್ಟು ಹತ್ತಿರ ಮೂಗು ತೂರಿಸಿ ನೋಡಿದರೆ ಇನ್ನೇನಾಗುತ್ತದೆ. ಒರೆಸಿ ಕೊಡೆಂದು ಕೈಗೆ ಕೊಟ್ಟರು. ಸೀಸೆಯ ತಳದಷ್ಟು ದಪ್ಪ ಗಾಜು. ತಮಾಷೆಗೆ ನನ್ನ ಮೂಗಿನ ಮೇಲೆ ಏರಿಸಿಕೊಂಡು ಮಾಮನ ಹಾಗೆ ಕೆಮ್ಮಿ ತೋರಿಸಿದೆ. ಹಾಗೆ ತಿರುಗಿದಾಗ ಮಾಡೆಲ್ ಕಣ್ಣಿಗೆ ಬಿತ್ತು. ತಮ್ಮಾ, ನಾನು ಕೆಮ್ಮುವುದನ್ನೇ ಮರೆತೆ. ಗೆರೆಯಿಲ್ಲ, ಸಂದಿಲ್ಲ, ಎಲ್ಲ ಮಂಜು. ಆ ಮಂಜಿನೊಳಗೆ ನಿನ್ನ ಗೋಡೆ ಒಂದೇ ಮೈಯಾಗಿ, ಸಂಜೆಯ ಬಿಸಿಲು ಬಿದ್ದಂತೆ ನಿಂತಿದೆ. ನನ್ನ ಗೋಡೆ ಚೂರುಬಟ್ಟೆಯ ಕೌದಿ! ಇಲ್ಲೊಂದು ಹಳದಿ ತೇಪೆ, ಅಲ್ಲೊಂದು ನೇರಳೆ ತೇಪೆ. ಯಾವುದು ತಪ್ಪು ಎಂದು ಒಂದೇ ನೋಟಕ್ಕೆ ತಿಳಿಯಿತು. ಮಾಮ "ಕೊಡಮ್ಮಾ, ನನಗೆ ಬಾಗ್ಲು ಕಾಣ್ತಿಲ್ಲ" ಎಂದು ಗೋಡೆ ತಡಕುತ್ತಿದ್ದರೂ ನಾನು ಕೊಡಲಿಲ್ಲ. ಕನ್ನಡಕ ಹಾಕಿಕೊಂಡು ತೇಪೆ ಹುಡುಕುವುದು, ತೆಗೆದು ತಿದ್ದುವುದು, ಮತ್ತೆ ಹಾಕಿಕೊಂಡು ನೋಡುವುದು. ಪಾಪ, ಅವರು ಕಾಫಿಯ ಲೋಟದೊಳಗೆ ಬೆರಳು ಅದ್ದಿಕೊಂಡು ಒಂದು ಗಂಟೆ ಕೂತಿದ್ದರು. ಈಗ ಪ್ರತಿದಿನ ಹನ್ನೊಂದಕ್ಕೆ ಬಂದು ಕನ್ನಡಕ ತೆಗೆದಿಟ್ಟು ಕುರ್ಚಿಯಲ್ಲಿ ನಿದ್ದೆ ಮಾಡುತ್ತಾರೆ. ಮ್ಯೂಸಿಯಮ್ಮಿನವರು ಮಾಡೆಲ್ಲಿನ ಕೆಳಗೆ ತಮ್ಮ ಹೆಸರನ್ನೂ ಬರೆಯಬೇಕು ಎಂದು ಮಾಮ ಹಟ ಹಿಡಿದಿದ್ದಾರೆ.

ಅಂದು ಕನ್ನಡಕವನ್ನು ಮಾಮನಿಗೆ ಕೊಟ್ಟ ಮೇಲೆ ಒಂದು ಮಾತು ಹೊಳೆಯಿತು. ಡಾಕ್ಟರು ನಿನಗೆ ಉಳಿಯುತ್ತದೆ ಎಂದ ನೋಟ ಇದೇ ಅಲ್ಲವೆ? ಗೆರೆ ಕಾಣುವುದಿಲ್ಲ, ಮೈ ಕಾಣುತ್ತದೆ. ನೀನು ಇಷ್ಟು ವರ್ಷ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ಮಾಡಿ ಬಲವಂತದಿಂದ ತಂದುಕೊಳ್ಳುತ್ತಿದ್ದ ನೋಟವದು. ಅದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ ನಾನು. ಹೋದದ್ದು ಹೋಯಿತು, ಅದಕ್ಕೆ ನಾನೂ ಅತ್ತಿದ್ದೇನೆ, ನೀರು ಕಾಯಿಸುವ ಒಲೆಯ ಮುಂದೆ, ಹೊಗೆಯ ನೆಪದಲ್ಲಿ. ಆದರೆ ಉಳಿದದ್ದನ್ನು ಹೋದದ್ದರ ಜೊತೆಗೇ ಕಟ್ಟಿ ಎಸೆಯುವುದು ಯಾವ ಲೆಕ್ಕ? ಗೆರೆ ಎಳೆಯಲು ನನ್ನ ಕಣ್ಣಿದೆ. ಗೋಡೆಯಾಯಿತೋ ಕೌದಿಯಾಯಿತೋ ಎಂದು ಹೇಳಲು ನಿನ್ನ ಕಣ್ಣು ಬೇಕು. ಗಂಟೆಮಾಮನ ಕನ್ನಡಕಕ್ಕೆ ಮಂಜು ಮಾಡುವುದು ಗೊತ್ತು, ಎಷ್ಟು ಬೂದಿಬಣ್ಣ ಸೇರಿಸಬೇಕು ಎಂಬುದು ಗೊತ್ತಿಲ್ಲ.

ಸಂದುಗಳಿಗೆ ಗಾರೆ ತುಂಬಿದ್ದನ್ನೂ ಹೇಳಿಬಿಡುತ್ತೇನೆ. ತಿಳಿಯಾಗಿ ಕಲಸಿದ ಬಿಳಿಯನ್ನು ಗೋಡೆಗೆಲ್ಲ ಬಳಿದು ಬೆರಳಿನಿಂದ ಒರೆಸಿದೆ, ಗೆರೆಗಳಲ್ಲಿ ಮಾತ್ರ ಉಳಿಯಿತು. ಆದರೆ ತೀರಾ ಬಿಳುಪು. ಇಡೀ ಗೋಡೆ ಹಲ್ಲು ಕಿರಿದು ನಕ್ಕಂತಿತ್ತು. ಆರಿದ ಚಹಾವನ್ನು ತೆಳ್ಳಗೆ ಮಾಡಿ ಬಳಿದೆ, ಬಾಯಿ ಮುಚ್ಚಿತು. ಇದು ನೀನು ಹೇಳಿಕೊಟ್ಟದ್ದಲ್ಲ, ನನ್ನದೇ. ಹೊಸ ಬಿಳಿ ದಾರ ಹಳೆಯ ಅಂಗಿಯಲ್ಲಿ ಎದ್ದು ಕಾಣದಿರಲು ನಾನು ಮಾಡುವ ಉಪಾಯ.

ಗೀಚುತ್ತ ಕೂತಾಗಲೆಲ್ಲ ನಮ್ಮ ಹಳ್ಳಿಯ ಮನೆ ನೆನಪಾಗುತ್ತದೆ. ನಿನಗೆ ಆಗ ಆರೋ ಏಳೋ. ಅಮ್ಮ ಬೆಳಿಗ್ಗೆ ಎದ್ದು ಮುಂಬಾಗಿಲ ಮಣ್ಣುಗೋಡೆಗೆ ಹೊಸದಾಗಿ ಮಣ್ಣು ಮೆತ್ತಿ, ಕೈಕಾಲು ತೊಳೆದು ಬರುವಷ್ಟರಲ್ಲಿ ನೀನು ಕಡ್ಡಿ ಹಿಡಿದು ಕೈಗೆ ನಿಲುಕುವ ತನಕ ಗೋಡೆಯೆಲ್ಲ ಗೀಚಿಬಿಟ್ಟಿದ್ದೆ. ಅಮ್ಮ ಪೊರಕೆ ಎತ್ತಿದಳು. ನೀನು ಓಡಲಿಲ್ಲ. "ನೋಡಮ್ಮಾ, ಇನ್ಮೇಲೆ ಯಾರಾದ್ರೂ ಬಂದ್ರೆ ನಮ್ದು ಇಟ್ಟಿಗೆ ಮನೆ ಅಂದ್ಕೋತಾರೆ!" ಎಂದೆ. ಪೊರಕೆ ಅಲ್ಲಿಯೇ ನಿಂತಿತು. ಅಮ್ಮ ಹಿಂದೆ ಹಿಂದೆ ನಡೆದು ಅಂಗಳದ ತುದಿಗೆ ಹೋಗಿ ನಿಂತು ನೋಡಿದಳು, ಆಮೇಲೆ ಏನು ಮಾಡಿದಳು ಗೊತ್ತೆ? ಕಡ್ಡಿ ಇಸಿದುಕೊಂಡು, ನಿನಗೆ ನಿಲುಕದ ಮೇಲಿನ ಸಾಲುಗಳನ್ನು ತಾನೇ ಗೀಚಿದಳು. "ಅರ್ಧಕ್ಕೆ ಬಿಟ್ರೆ ಅರ್ಧ ಮನೆ ಅಂದ್ಕೋತಾರೆ" ಎಂದಳು. ನಿನಗೆ ಮರೆತಿರಬಹುದು. ನಾನು ಹೊಸಲಿನ ಮೇಲೆ ಕೂತು ನೋಡಿದ್ದೆ. ಈಗಲೂ ನಿನಗೆ ನಿಲುಕದ ಸಾಲುಗಳಿವೆ, ಕಡ್ಡಿ ಅಮ್ಮನ ಬದಲು ನನ್ನ ಕೈಯಲ್ಲಿದೆ, ಅಷ್ಟೇ ವ್ಯತ್ಯಾಸ.

ಮೂರು ಗೋಡೆ ಆಯಿತು. ಛಾವಣಿ ಕೂತಿತು. ಗೋಪುರ ಮಾತ್ರ ಹಾಗೇ ಇದೆ. ಮೇಡಂ ಇನ್ನೂ ಕಾಯುತ್ತೇನೆ ಎಂದಿದ್ದಾರೆ. ಅವರಿಗೆ ನಿನ್ನ ಕಣ್ಣಿನ ಸಂಗತಿಯನ್ನೂ, ನಾನು ಕೈ ಹಾಕಿರುವುದನ್ನೂ ಮುಚ್ಚಿಡದೆ ಹೇಳಿಬಿಟ್ಟೆ. ಅವರು ಮುಂದಿನ ಗೋಡೆಯನ್ನೂ ಹಿಂದಿನದನ್ನೂ ತಿರುಗಿಸಿ ತಿರುಗಿಸಿ ನೋಡಿ, "ಗೋಪುರ ಅವರು ಬಂದ ಮೇಲೇ ಆಗ್ಲಿ" ಎಂದರು. ನನ್ನ ಹಿಂದಿನ ಗೋಡೆಯಲ್ಲಿ ಏನೋ ಕಂಡಿರಬೇಕು, ದಾಕ್ಷಿಣ್ಯಕ್ಕೆ ಹೇಳಲಿಲ್ಲ.

ಸರಿ, ನರ್ಸಮ್ಮನಿಗೆ ಬೇರೆ ಕೆಲಸ ಇರುತ್ತದೆ. ಔಷಧಿಯ ಹನಿ ತಪ್ಪಿಸಬೇಡ. ಪಟ್ಟಿ ಬಿಚ್ಚುವ ದಿನ ನಾನು ಬಂದು ಮುಂದೆ ನಿಂತಿರುತ್ತೇನೆ, ಹಸಿರು ಸೀರೆ ಉಟ್ಟುಕೊಂಡು. ಮುಖ ಮಂಜಾದರೂ ಸೀರೆ ಗೊತ್ತಾಗಲಿ. ಪಕ್ಕದ ಹಾಸಿಗೆಯವರಿಗೂ ಡಾಕ್ಟರಿಗೂ ನನ್ನ ನಮಸ್ಕಾರ ತಿಳಿಸು. ನೂರು ಕಾಲ ಸುಖವಾಗಿರು ಕಂದಾ, ನನ್ನ ಆಯುಷ್ಯದಲ್ಲಿ ಉಳಿದ ತುಂಡು ಬಟ್ಟೆಯೆಲ್ಲ ನಿನಗೇ ಇರಲಿ.

ನಿನ್ನ
ಅಕ್ಕ

ಮರೆತೆ, ಅಂಚೆಯವನು ಆಗಲೇ ಬೀದಿಯ ತುದಿಗೆ ಬಂದಿದ್ದಾನೆ: ಜೊತೆಯ ಡಬ್ಬಿಯಲ್ಲಿ ಗೋಪುರಕ್ಕೆಂದು ಮಾಡಿನೋಡಿದ ಒಂದು ಮೂಲೆ ಇದೆ, ನಾನು ಗೀಚಿದ್ದು, ಬಣ್ಣ ಹಾಕಿಲ್ಲ. ನರ್ಸಮ್ಮಾ, ಅದನ್ನು ಅವನ ಕೈಗೆ ಕೊಡಿ, ಆದರೆ ಏನೂ ಹೇಳಿಕೊಡಬೇಡಿ. ತಮ್ಮಾ, ಉಗುರಿನಿಂದ ಸಾಲು ಹಿಡಿದು ಮೂಲೆ ತಿರುಗಿ ನೋಡು. ಒಂದು ಸಾಲು ಒಂದು ಕಡೆ ಕೂಡುವುದಿಲ್ಲ, ಅದನ್ನು ಬೇಕೆಂದೇ ತಪ್ಪಿಸಿದ್ದೇನೆ, ನೀನು ಕಂಡುಹಿಡಿಯಲಿ ಎಂದು. ಕಂಡುಹಿಡಿಯದಿದ್ದರೆ ಬ್ರಷ್‌ಗಳು ಗಂಟೆಮಾಮನ ಪಾಲು. ಮೀಸೆಗೆ ಕಪ್ಪು ಹಚ್ಚಲು ಕೇಳುತ್ತಿದ್ದಾರೆ. ಆದರೆ ನಿಜವಾದ ಸಂಕಟ ಬೇರೆ. ಮಾಮ ಕನ್ನಡಕವಿಲ್ಲದೆ ಅದರ ಮೇಲೆ ಬೆರಳಾಡಿಸಿ, ತಪ್ಪು ಒಂದಲ್ಲ, ಎರಡಿವೆ ಎಂದರು. ಬೆಳಗಿನಿಂದ ನೋಡುತ್ತಿದ್ದೇನೆ, ಈ ಚುರುಕು ಕಣ್ಣಿಗೆ ಎರಡನೆಯದು ಕಾಣುತ್ತಿಲ್ಲ. ಎಲ್ಲಿದೆ ಹೇಳೋ.